ತೆರೆ, ಸುಳಿ, ಬಣ್ಣ: ಕಡಲ ಚಿತ್ರದ ಒಂದು ಚರಿತ್ರೆ

ಕಡಲ ಚಿತ್ರ ಬಿಡಿಸಿ ಎಂದರೆ ನಮ್ಮ ಗಡಿನಾಡಿನ ಕನ್ನಡ ಶಾಲೆಯ ಮಕ್ಕಳು ಏನು ಬಿಡಿಸುತ್ತಾರೆ ಎಂಬುದು ಅಧ್ಯಾಪಕರಾದ ನಮಗೆಲ್ಲ ಗೊತ್ತು. ಹಾಳೆಯ ನಡುವೆ ಅಡ್ಡಕ್ಕೊಂದು ಗೆರೆ. ಗೆರೆಯ ಮೇಲೆ ಅರ್ಧ ಮುಳುಗಿದ ಸೂರ್ಯ. ಬಲಬದಿಯಲ್ಲಿ ಬಾಗಿದ ತೆಂಗಿನಮರ, ಎಡಬದಿಯಲ್ಲಿ ಹಾಯಿದೋಣಿ. ಗೆರೆಯ ಕೆಳಗೆಲ್ಲ ನೀಲಿ, ಆ ನೀಲಿಯಲ್ಲಿ ಮೀನಿನ ಹುರುಪೆಯ ಹಾಗೆ ಸಾಲು ಸಾಲು ಅರ್ಧಚಂದ್ರಗಳು. ಮಂಜೇಶ್ವರದಿಂದ ಕಾಸರಗೋಡಿನ ತನಕ, ಕಡಲಿನ ಸದ್ದು ತರಗತಿಗೇ ಕೇಳಿಸುವ ಶಾಲೆಗಳಲ್ಲೂ ಇದೇ ಚಿತ್ರ. ಮೀನುಗಾರರ ಮನೆಯ ಮಕ್ಕಳೂ ಹಾಯಿದೋಣಿಯನ್ನೇ ಬಿಡಿಸುತ್ತಾರೆ. ಅವರ ಮನೆಯವರು ಹೋಗುವುದು ಇಂಜಿನಿನ ದೋಣಿಯಲ್ಲಿ. ಆಟಿ ತಿಂಗಳ ಕಡಲಂತೂ ನೀಲಿಯೇ ಅಲ್ಲ. ಮುರಕಲ್ಲಿನ ಮಣ್ಣು ಹೊತ್ತ ಹೊಳೆಗಳು ಅಳಿವೆಯಲ್ಲಿ ಬಂದು ಬಿದ್ದಾಗ ದಡದ ನೀರು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ದಿನವೂ ನೋಡುವ ಮಗು ಹಾಳೆಗೆ ಬಂದಾಗ ನೀಲಿ ಪೆನ್ಸಿಲನ್ನೇ ಎತ್ತಿಕೊಳ್ಳುತ್ತದೆ.

ಈಚೆಗೆ ಇನ್ನೊಂದು ಬಗೆಯೂ ಸೇರಿಕೊಂಡಿದೆ. ಅಕ್ರಿಲಿಕ್ ಬಣ್ಣದ ಚಿಕ್ಕ ಡಬ್ಬಿಗಳು ಈಗ ಪೇಟೆಯ ಪುಸ್ತಕದಂಗಡಿಗಳಲ್ಲೂ ಸಿಗುತ್ತವೆ. ದೊಡ್ಡ ತರಗತಿಯ ಮಕ್ಕಳು ಮೊಬೈಲಿನಲ್ಲಿ ನೋಡಿ, ಉಗುರು ಚಾಚಿದ ಒಂದು ಜಪಾನಿ ತೆರೆಯನ್ನೋ ಸುರುಳಿ ಸುರುಳಿಯಾದ ನೀರನ್ನೋ ಬಿಡಿಸಿ ತರುತ್ತಾರೆ. ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಆ ಸುರುಳಿ ಎಲ್ಲಿಂದ ಬಂತು, ನೀರನ್ನು ಹಾಗೆ ಕಂಡವರು ಯಾರು, ಆ ನೀಲಿ ಯಾವುದು, ಡಬ್ಬಿಯೊಳಗಿರುವ ವಸ್ತು ಏನು ಎಂದು ಕೇಳಿದರೆ ಉತ್ತರವಿಲ್ಲ. ಚರಿತ್ರೆಯ ಪಾಠಗಳಲ್ಲಿ ರಾಜರಿದ್ದಾರೆ, ಯುದ್ಧಗಳಿವೆ. ಒಂದು ಗೆರೆಯ ಚರಿತ್ರೆ ಇಲ್ಲ. ಆ ಗೆರೆಯ ಬಗ್ಗೆ ನಾವು ಓದಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಶಬ್ದದಿಂದಲೇ ಶುರು ಮಾಡೋಣ. ತಿರುಗುವ ನೀರಿಗೆ ಕನ್ನಡದಲ್ಲಿ 'ಸುಳಿ' ಎನ್ನುತ್ತೇವೆ. ಹಳಗನ್ನಡದಲ್ಲಿ ಇದು 'ಸುೞಿ'. ಆ ೞಕಾರ ನಮ್ಮಲ್ಲಿ ಬಿಟ್ಟುಹೋಯಿತು, ಮಲೆಯಾಳದಲ್ಲಿ ಉಳಿಯಿತು. ಅಲ್ಲಿ ಇದೇ ಶಬ್ದ 'ಚುೞಿ'. ನಮ್ಮ ಮಕ್ಕಳು ಆಟದ ಬಯಲಿನಲ್ಲಿ ಎರಡನ್ನೂ ಆಡುತ್ತಾರೆ. ಎರಡೂ ಒಂದೇ ಬೇರಿನ ಚಿಗುರುಗಳೆಂದು ತೋರಿಸಲು ಇದು ಒಳ್ಳೆಯ ಉದಾಹರಣೆ. ಇರಲಿ. ಇದೇ 'ಸುಳಿ' ಕೂದಲಿನದೂ ಹೌದು. ನೆತ್ತಿಯ ಸುಳಿ, ಎತ್ತಿನ ಮೈಮೇಲಿನ ಸುಳಿ. ದನ ಕೊಳ್ಳಲು ಹೋದ ಹಿರಿಯರು ಹಲ್ಲು ನೋಡಿದಂತೆ ಸುಳಿಯನ್ನೂ ನೋಡುತ್ತಿದ್ದರು. ನೀರಿನ ತಿರುವಿಗೂ ಕೂದಲಿನ ತಿರುವಿಗೂ ಒಂದೇ ಹೆಸರಿಟ್ಟವರು ಎರಡನ್ನೂ ಕಣ್ಣಿಟ್ಟು ನೋಡಿದವರೇ ಆಗಿರಬೇಕು.

ಇದೇ ಹೋಲಿಕೆ ಇಟಲಿಯಲ್ಲಿ ಒಬ್ಬರಿಗೆ ಹೊಳೆದಿತ್ತು. ಲಿಯೊನಾರ್ಡೊ ಡ ವಿಂಚಿ 1510ರ ಆಸುಪಾಸಿನಲ್ಲಿ ಬರೆದ ಒಂದು ಹಾಳೆ ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿದೆ. ಒಂದು ಬದಿಯಲ್ಲಿ ಕುಳಿತ ಮುದುಕ, ಇನ್ನೊಂದು ಬದಿಯಲ್ಲಿ ಅಡ್ಡ ಬಂದ ತಡೆಗೆ ತಾಗಿ ಹೆಣೆದ ಜಡೆಯ ಹಾಗೆ ತಿರುಗುವ ನೀರು. ಪಕ್ಕದಲ್ಲಿ ಅವರು ಬರೆದಿಟ್ಟ ಟಿಪ್ಪಣಿಯ ಸಾರ ಹೀಗೆ: ಕೂದಲಿಗೆ ಎರಡು ಚಲನೆ, ಒಂದು ಅದರ ತೂಕದ್ದು, ಇನ್ನೊಂದು ಅದರ ಗುಂಗುರಿನದು. ನೀರಿಗೂ ಹಾಗೆಯೇ ಎರಡು, ಒಂದು ಮುಖ್ಯ ಪ್ರವಾಹದ್ದು, ಇನ್ನೊಂದು ತಡೆಗೆ ತಾಗಿ ಹಿಂತಿರುಗುವುದರದು. ಚಿತ್ರ ಬಿಡಿಸುವವರಿಗೆ ಇದಕ್ಕಿಂತ ಉಪಯೋಗದ ಮಾತು ನಮಗೆ ಸಿಕ್ಕಿಲ್ಲ. ಸುಳಿಯೆಂದರೆ ಬರೇ ಉಂಗುರವಲ್ಲ, ಮುಂದೆ ಹೋಗುವ ಗೆರೆಯೂ ಹಿಂದೆ ಬರುವ ಗೆರೆಯೂ ಕೂಡಿದ್ದು. 1519ರಲ್ಲಿ ತೀರಿಕೊಳ್ಳುವುದಕ್ಕೆ ಮೊದಲು ಫ್ರಾನ್ಸಿನಲ್ಲಿ ಅವರು ಕಪ್ಪು ಸೀಮೆಸುಣ್ಣದಲ್ಲಿ ಪ್ರಳಯದ ಚಿತ್ರಗಳ ಒಂದು ಸಾಲನ್ನೇ ಬಿಡಿಸಿದರು. ಊರು, ಮರ, ಬೆಟ್ಟ ಎಲ್ಲ ಕೂದಲಿನ ಸುಳಿಗಳಂಥ ನೀರಿನೊಳಗೆ.

ಚೀನಾದಲ್ಲಿ ಈ ಕೆಲಸ ಅದಕ್ಕೂ ಸುಮಾರು 300 ವರ್ಷ ಮೊದಲು ನಡೆದಿತ್ತು. ದಕ್ಷಿಣ ಸಾಂಗ್ ಅರಸರ ಆಸ್ಥಾನದಲ್ಲಿದ್ದ ಮಾ ಯುವಾನ್ ಎಂಬ ಕಲಾವಿದರು ನೀರನ್ನೇ ವಿಷಯವಾಗಿ ಹಿಡಿದು 12 ಹಾಳೆಗಳನ್ನು ರಚಿಸಿದರು. ಈಗ ಅವು ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿವೆ. ಒಂದರಲ್ಲಿ ದಡ ಮೀರಿದ ಹಳದಿ ನದಿ, ಇನ್ನೊಂದರಲ್ಲಿ ತಿಳಿಗಾಳಿಗೆ ಸಣ್ಣಗೆ ನಡುಗುವ ಸರೋವರ. ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ಗೆರೆ ಬದಲಾದ ಹಾಗೆ ನೀರು ಬದಲಾಗುತ್ತದೆ. ನಾವು ಕನ್ನಡದಲ್ಲಿ ತೆರೆ, ಅಲೆ, ಸುಳಿ, ಮಡು, ನೊರೆ, ಉಬ್ಬರ, ಇಳಿತ ಎಂದು ಬೇರೆ ಬೇರೆ ಹೆಸರು ಹೇಳುತ್ತೇವಲ್ಲ, ಅವರು ಬೇರೆ ಬೇರೆ ಗೆರೆ ಎಳೆದರು. ನಮ್ಮ ಮಕ್ಕಳ ಹುರುಪೆಯ ಸಾಲಿನಲ್ಲಿ ಈ ಏಳೂ ಶಬ್ದಗಳಿಗೆ ಇರುವುದು ಒಂದೇ ಗುರುತು.

ಇಲ್ಲಿ ವಿಜ್ಞಾನದ ಒಂದು ಮಾತು ಸೇರಿಸುವುದು ಒಳ್ಳೆಯದು. ಆಳದ ಕಡಲಿನಲ್ಲಿ ತೆರೆ ಮುಂದೆ ಹೋಗುತ್ತದೆ, ನೀರು ಹೋಗುವುದಿಲ್ಲ. ದೂರದಲ್ಲಿ ತೇಲುವ ತೆಂಗಿನಕಾಯಿಯನ್ನು ನೋಡಿದರೆ ಗೊತ್ತಾಗುತ್ತದೆ. ಅದು ಏರುತ್ತದೆ, ಸ್ವಲ್ಪ ಮುಂದೆ ಬರುತ್ತದೆ, ಇಳಿಯುತ್ತದೆ, ಹಿಂದೆ ಸರಿಯುತ್ತದೆ, ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಅಂದರೆ ನೀರಿನ ಒಂದೊಂದು ಕಣವೂ ವೃತ್ತಾಕಾರದಲ್ಲಿ ಸುತ್ತುತ್ತದೆ. ಇದನ್ನು ಗಣಿತದಲ್ಲಿ ತೋರಿಸಿದವರು ಪ್ರಾಗಿನ ಗೆರ್ಸ್ಟ್‌ನರ್, 1802ರಲ್ಲಿ. ದಡದ ಹತ್ತಿರ ಆಳ ಕಡಿಮೆಯಾದಾಗ ಬುಡದ ನೀರು ನೆಲಕ್ಕೆ ತಡೆದು ನಿಧಾನವಾಗುತ್ತದೆ, ತಲೆಯ ನೀರು ಮುಂದೆ ಬಾಗುತ್ತದೆ. ತೆರೆಯ ಎತ್ತರ ಆಳದ ಮುಕ್ಕಾಲು ಪಾಲಿನಷ್ಟಾದಾಗ ಅದು ಮುರಿದು ಬೀಳುತ್ತದೆ. ತೆರೆಯ ಒಡಲಿನಲ್ಲಿ ವೃತ್ತವನ್ನು ಕಂಡ ಕಲಾವಿದರು ಕಲ್ಪನೆಯಿಂದ ಅಲಂಕಾರ ಹಚ್ಚಿದವರಲ್ಲ ಎಂದು ಇದರಿಂದ ನಮಗನಿಸುತ್ತದೆ.

ಹಾಗಿದ್ದರೂ ಅವರ ನೀರು ಫೋಟೋದಲ್ಲಿ ಕಾಣುವ ನೀರಲ್ಲ. ಶೈಲೀಕರಣ ಎಂದು ಕಲಾವಿಮರ್ಶಕರು ಹೇಳುವುದು ಇದನ್ನೇ. ಶಬ್ದ ಭಾರವಾಗಿದೆ, ಸಂಗತಿ ನಮಗೆ ಹೊಸದಲ್ಲ. ತೆಂಕುತಿಟ್ಟಿನ ಬಣ್ಣದ ವೇಷವನ್ನು ನೆನಪಿಸಿಕೊಳ್ಳಿ. ಅಕ್ಕಿಹಿಟ್ಟಿನ ಚಿಟ್ಟಿಯನ್ನು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಟ್ಟು ಬರುವ ಆ ರಾಕ್ಷಸನಂಥ ಮುಖ ಲೋಕದಲ್ಲಿ ಯಾರಿಗೂ ಇಲ್ಲ. ಆದರೆ ದೊಂದಿಯ ಬೆಳಕಿನಲ್ಲಿ ಅದಕ್ಕಿಂತ ನಿಜವಾದ ರಾಕ್ಷಸ ಮುಖ ಇನ್ನೊಂದಿಲ್ಲ. ಮುಖ್ಯವಾದದ್ದನ್ನು ಆರಿಸಿಕೊಂಡು, ಉಳಿದದ್ದನ್ನು ಬಿಟ್ಟು, ಆರಿಸಿದ್ದನ್ನು ಒತ್ತಿ ಹೇಳುವ ಕ್ರಮ ಅದು. ಕಡಲಿಗೆ ಈ ಬಗೆಯ ವೇಷ ಕಟ್ಟಿದವರಲ್ಲಿ ಜಪಾನಿನವರದೇ ಮೇಲುಗೈ.

ಅವರಲ್ಲಿ ಒಗಾಟ ಕೋರಿನ್ (1658–1716) ಕ್ಯೋಟೋದ ಬಟ್ಟೆ ವ್ಯಾಪಾರಿಯ ಮನೆಯವರು. ಕಿಮೋನೋ ಎಂಬ ಉಡುಪಿನ ವಿನ್ಯಾಸಗಳ ನಡುವೆ ಬೆಳೆದ ಕಣ್ಣು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಅವರ 'ಭೋರ್ಗರೆವ ತೆರೆಗಳು' ಎಂಬ ಮಡಿಚುವ ಪರದೆ ಇದೆ. ಬಂಗಾರದ ತಗಡಿನ ಹಿನ್ನೆಲೆಯ ಮೇಲೆ ಬೆರಳು ಚಾಚಿದ ನೊರೆ. ದಡ ಇಲ್ಲ, ದೋಣಿ ಇಲ್ಲ. ಅಟಾಮಿ ಊರಿನ ಸಂಗ್ರಹಾಲಯದಲ್ಲಿರುವ ಕೆಂಪು ಬಿಳಿ ಪ್ಲಮ್ ಮರಗಳ ಪರದೆಯಲ್ಲಿ ನಡುವೆ ಹರಿಯುವ ತೊರೆಯ ತುಂಬ ಸುಳಿಗಳೇ. ಇವರ ಬಗೆಯ ನೀರಿನ ವಿನ್ಯಾಸಕ್ಕೆ ಜಪಾನಿನಲ್ಲಿ 'ಕೋರಿನ್ ನೀರು' ಎಂಬ ಹೆಸರೇ ನಿಂತುಹೋಯಿತು. ಸೀರೆಯ ಸೆರಗಿಗೆ ನೀರು ಹೋದ ಹಾಗೆ.

ಕೋರಿನ್ ತೀರಿಹೋಗಿ 44 ವರ್ಷಗಳ ಬಳಿಕ, 1760ರಲ್ಲಿ ಹೊಕುಸಾಯ್ ಹುಟ್ಟಿದರು. ಮಕ್ಕಳು ಮೊಬೈಲಿನಿಂದ ನಕಲು ಮಾಡುವ ತೆರೆ ಇವರದು. 'ಕಾನಾಗಾವಾದ ಕಡಲಿನ ದೊಡ್ಡ ತೆರೆ' 1831ರ ಆಸುಪಾಸಿನದು. ಫ್ಯೂಜಿ ಬೆಟ್ಟದ 36 ನೋಟಗಳು ಎಂಬ ಸರಣಿಗೆ ಸೇರಿದ್ದು. ಸರಣಿ ಚೆನ್ನಾಗಿ ಮಾರಾಟವಾದ್ದರಿಂದ ಇನ್ನೂ 10 ಸೇರಿಸಿ ಕೊನೆಗೆ 46 ಆದವು, ಹೆಸರು ಮಾತ್ರ 36 ಎಂದೇ ಉಳಿಯಿತು. ದೊಡ್ಡ ತೆರೆ ಎಂದು ಹೆಸರಿದ್ದರೂ ಚಿತ್ರ ಸುಮಾರು 25 ಸೆಂಟಿಮೀಟರ್ ಎತ್ತರ, 37 ಸೆಂಟಿಮೀಟರ್ ಅಗಲ, ಅಷ್ಟೇ. ಬಿಡಿಸಿದ್ದಲ್ಲ, ಮರದ ಅಚ್ಚಿನಿಂದ ಒತ್ತಿದ್ದು. ಕಲಾವಿದರು ಬರೆದ ತೆಳು ಹಾಳೆಯನ್ನು ಚೆರಿ ಮರದ ಹಲಗೆಗೆ ಅಂಟಿಸಿ ಅದರ ಮೇಲೆಯೇ ಕೆತ್ತುತ್ತಿದ್ದರು, ಮೂಲ ಚಿತ್ರ ಅಲ್ಲಿಗೇ ಮುಗಿಯುತ್ತಿತ್ತು. ಕೆತ್ತುವವರು ಬೇರೆ, ಬಣ್ಣ ಹಚ್ಚಿ ಒತ್ತುವವರು ಬೇರೆ. ಒಂದು ಪ್ರತಿಯ ಬೆಲೆ ಒಂದೆರಡು ಬಟ್ಟಲು ಶಾವಿಗೆಯ ಊಟದಷ್ಟು ಎಂದು ಬಲ್ಲವರು ಹೇಳುತ್ತಾರೆ. ಇಂದು ಲೋಕದ ದೊಡ್ಡ ಸಂಗ್ರಹಾಲಯಗಳಲ್ಲಿ ಗಾಜಿನೊಳಗಿರುವುದು ಆ ಕಾಲದ ಜನಸಾಮಾನ್ಯರು ಗೋಡೆಗೆ ಅಂಟಿಸಿಕೊಂಡ ಚಿತ್ರ. 2024ರ ಜುಲೈಯಲ್ಲಿ ಬಂದ ಜಪಾನಿನ ಹೊಸ 1000 ಯೆನ್ ನೋಟಿನ ಮೇಲೂ ಅದೇ ತೆರೆ ಇದೆ.

ಮಕ್ಕಳಿಗೆ ಈ ಚಿತ್ರ ತೋರಿಸುವಾಗ ನಾವು ಎರಡು ಸಂಗತಿಗಳನ್ನು ಬಿಡದೆ ಹೇಳುತ್ತೇವೆ. ಒಂದನೆಯದು ದೋಣಿಗಳು. ತೆರೆಯನ್ನು ಎಲ್ಲರೂ ನೋಡುತ್ತಾರೆ, ದೋಣಿಗಳನ್ನು ಹೆಚ್ಚಿನವರು ನೋಡುವುದಿಲ್ಲ. ಮೂರು ಉದ್ದನೆಯ ದೋಣಿಗಳಿವೆ. ಹಿಡಿದ ಮೀನನ್ನು ಹಾಳಾಗುವ ಮೊದಲು ಎಡೊ ಪಟ್ಟಣದ, ಅಂದರೆ ಈಗಿನ ಟೋಕಿಯೋದ, ಪೇಟೆಗೆ ಮುಟ್ಟಿಸುವ ವೇಗದ ದೋಣಿಗಳು ಅವು. ಹುಟ್ಟು ಹಾಕುವವರು ತಲೆ ತಗ್ಗಿಸಿ ದೋಣಿಗೆ ಅಂಟಿಕೊಂಡಿದ್ದಾರೆ. ಮಳೆಗಾಲದಲ್ಲಿ ಮನೆಯವರು ಕಡಲಿಗಿಳಿದ ದಿನ ಶಾಲೆಯಲ್ಲಿ ಕುಳಿತು ಕಿಟಕಿಯಾಚೆ ನೋಡುವ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಅವರಿಗೆ ಈ ಚಿತ್ರ ಗೋಡೆಯ ಅಲಂಕಾರವಲ್ಲ. ಇನ್ನೊಂದು, ಜಪಾನೀಯರು ಬಲದಿಂದ ಎಡಕ್ಕೆ ಓದುವವರು. ಅವರ ಕಣ್ಣು ದೋಣಿಯ ಜೊತೆ ಹೋಗಿ ತೆರೆಗೆ ಎದುರಾಗುತ್ತದೆ. ಎಡದಿಂದ ಬಲಕ್ಕೆ ಓದುವ ನಮ್ಮ ಕಣ್ಣು ತೆರೆಯ ಜೊತೆ ಬಂದು ದೋಣಿಯ ಮೇಲೆ ಬೀಳುತ್ತದೆ. ಕನ್ನಡಿಯಲ್ಲಿ ಹಿಡಿದು ತೋರಿಸಿದರೆ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ.

ಈ ತೆರೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1797ರ ಎನೊಶಿಮಾ ದ್ವೀಪದ ಒಂದು ಚಿತ್ರದಲ್ಲಿ ಹೊಕುಸಾಯ್‌ರ ತೆರೆ ಚಿಕ್ಕದು, ಸಾಧು. 1803 ಮತ್ತು 1805ರ ಆಸುಪಾಸಿನ ಎರಡು ಚಿತ್ರಗಳಲ್ಲಿ ದೋಣಿಯ ಮೇಲೆ ಬಾಗಿದ ದೊಡ್ಡ ತೆರೆ ಬಂದಿದೆ, ಆದರೆ ಅದು ನೀರಿಗಿಂತ ಬಂಡೆಯನ್ನು ಹೆಚ್ಚು ಹೋಲುತ್ತದೆ. ಪ್ರಸಿದ್ಧ ತೆರೆ ಬರುವಾಗ ಅವರಿಗೆ ವಯಸ್ಸು 70 ದಾಟಿತ್ತು. ಒಂದೇ ವಿಷಯವನ್ನು 30 ವರ್ಷಕ್ಕೂ ಹೆಚ್ಚು ಕಾಲ ಬಿಡದೆ ಹಿಡಿದಿದ್ದರು.

ಆಗ ಕೈಗೆ ಸಿಕ್ಕಿದ ಒಂದು ಹೊಸ ವಸ್ತುವೂ ಸಹಾಯ ಮಾಡಿತು. ಅದುವೇ ಪ್ರಷ್ಯನ್ ನೀಲಿ. 1706ರ ಆಸುಪಾಸಿನಲ್ಲಿ ಬರ್ಲಿನ್ ನಗರದಲ್ಲಿ ಡೀಸ್‌ಬಾಖ್ ಎಂಬ ಬಣ್ಣ ತಯಾರಕರು ಕೆಂಪು ಬಣ್ಣ ಮಾಡಲು ಹೊರಟಿದ್ದರು. ಬಳಸಿದ ಕ್ಷಾರದಲ್ಲಿ ಕಲಬೆರಕೆ ಇದ್ದುದರಿಂದ ಪಾತ್ರೆಯಲ್ಲಿ ಕಡುನೀಲಿ ಬಂತು. ಜಪಾನಿನಲ್ಲಿ ಅದುವರೆಗೆ ನೀಲಿಗೆ ಇದ್ದದ್ದು ಒಂದು ಕಾಡುಹೂವಿನ ರಸ ಮತ್ತು ನೀಲಿಗಿಡದ ಬಣ್ಣ. ಹೂವಿನ ನೀಲಿ ಬೆಳಕಿಗೆ ಬೇಗ ಮಾಸುತ್ತಿತ್ತು. ಬರ್ಲಿನಿನ ನೀಲಿ ಡಚ್ಚರ ಮತ್ತು ಚೀನೀ ವರ್ತಕರ ಹಡಗುಗಳಲ್ಲಿ ನಾಗಸಾಕಿಗೆ ಬಂತು. ಮೊದಲಿಗೆ ದುಬಾರಿ, 1830ರ ಹೊತ್ತಿಗೆ ಅಗ್ಗ. ಜಪಾನೀಯರು ಅದನ್ನು 'ಬೆರೊ' ಎಂದು ಕರೆದರು, ಬರ್ಲಿನ್ ಎಂಬುದು ಅವರ ಬಾಯಲ್ಲಿ ಹಾಗಾಯಿತು. ನೀರು ಬೆರೆಸಿದಷ್ಟೂ ಅದು ಮೋಡದ ತಿಳಿಯಿಂದ ರಾತ್ರಿಯ ಕಪ್ಪಿನ ತನಕ ಎಲ್ಲ ಮೆಟ್ಟಿಲುಗಳನ್ನೂ ಕೊಡುತ್ತದೆ. ದೊಡ್ಡ ತೆರೆಯ ಹೊಟ್ಟೆಯಲ್ಲಿ ಕಾಣುವ ಪಟ್ಟೆ ಪಟ್ಟೆ ನೀಲಿಗಳ ಗುಟ್ಟು ಇದೇ. ಜಪಾನಿನದೇ ಎಂದು ಲೋಕವೆಲ್ಲ ತಿಳಿದಿರುವ ಚಿತ್ರದ ಬಣ್ಣ ಜರ್ಮನಿಯದು.

ಇಷ್ಟಾದರೂ ಸುಳಿಯ ವಿಷಯಕ್ಕೆ ಬಂದರೆ ನಮಗೆ ಹೆಚ್ಚು ಹಿಡಿಸಿದ್ದು ಆ ತೆರೆಯಲ್ಲ. ನಾಗಾನೊ ಪ್ರಾಂತ್ಯದ ಬೆಟ್ಟಗಳ ನಡುವೆ ಒಬುಸೆ ಎಂಬ ಊರಿದೆ. ಕಡಲು ಅಲ್ಲಿಂದ ಬಲುದೂರ. 1845ರಲ್ಲಿ, 85ರ ಹರೆಯದಲ್ಲಿ, ಹೊಕುಸಾಯ್ ಆ ಊರಿನ ಜಾತ್ರೆಯ ತೇರಿನ ಒಳಮಾಡಿಗೆ ಎರಡು ಹಲಗೆಗಳನ್ನು ಚಿತ್ರಿಸಿಕೊಟ್ಟರು. ಒಂದು 'ಗಂಡು ತೆರೆ', ಇನ್ನೊಂದು 'ಹೆಣ್ಣು ತೆರೆ'. ಒಂದೊಂದೂ ಸುಮಾರು ನಾಲ್ಕು ಅಡಿ ಚೌಕ. ಬೆಟ್ಟವಿಲ್ಲ, ದೋಣಿಯಿಲ್ಲ, ಆಕಾಶವಿಲ್ಲ, ದಿಗಂತದ ಗೆರೆಯೂ ಇಲ್ಲ. ಸುತ್ತಿ ಸುತ್ತಿ ಒಳಗೆಳೆಯುವ ನೀರು ಮಾತ್ರ. ತೇರಿನೊಳಗೆ ನಿಂತು ಕತ್ತೆತ್ತಿ ನೋಡಿದವರಿಗೆ ಕಡಲು ತಲೆಯ ಮೇಲಿತ್ತು. ಕಡಲನ್ನೇ ನೋಡದ ಬೆಟ್ಟದ ಮಕ್ಕಳಿಗೆ ಅದು ಹೇಗೆ ಕಂಡಿರಬಹುದು ಎಂದು ನಾವು ಆಗಾಗ ಯೋಚಿಸುವುದುಂಟು.

ಹಿರೋಶಿಗೆ ಎಂಬವರು ಇದಕ್ಕೆ ವಿರುದ್ಧವಾಗಿ, ನಿಜವಾದ ಒಂದು ಸುಳಿಯ ಜಾಗವನ್ನೇ ಆರಿಸಿಕೊಂಡರು. ಅವಾಜಿ ಮತ್ತು ಶಿಕೊಕು ದ್ವೀಪಗಳ ನಡುವಿನ ನಾರುತೊ ಜಲಸಂಧಿಯಲ್ಲಿ ಉಬ್ಬರ ಇಳಿತದ ನೀರು ಇಕ್ಕಟ್ಟಿನಲ್ಲಿ ನುಗ್ಗುವಾಗ 20 ಮೀಟರ್ ಅಗಲದ ತನಕ ಸುಳಿಗಳೇಳುತ್ತವೆ. 1855ರಲ್ಲಿ ಒಂದು ಹಾಳೆಯಲ್ಲಿ, 1857ರಲ್ಲಿ ಮೂರು ಹಾಳೆಗಳನ್ನು ಜೋಡಿಸಿ ದೊಡ್ಡದಾಗಿ, ಅವರು ಅದನ್ನು ಚಿತ್ರಿಸಿದರು. ಜಪಾನಿನ ಈ ಹಾಳೆಗಳು ಯುರೋಪಿಗೆ ಹೋದವು. ದೊಡ್ಡ ತೆರೆಯ ನೊರೆ ಉಗುರಿನಂತೆ ದೋಣಿಯನ್ನು ಹಿಡಿದಿದೆ ಎಂಬರ್ಥದಲ್ಲಿ ವಾನ್ ಗೋ 1888ರಲ್ಲಿ ತಮ್ಮನಿಗೆ ಬರೆದರು. ಮರುವರ್ಷ ಅವರು ಬಿಡಿಸಿದ ನಕ್ಷತ್ರಗಳ ರಾತ್ರಿಯಲ್ಲಿ ಸುಳಿ ಆಕಾಶಕ್ಕೇರಿದೆ.

ನಮ್ಮ ಕಡೆಯ ಕಥೆ ಬೇರೆ. ಕೇರಳದ ಭಿತ್ತಿಚಿತ್ರಗಳಲ್ಲಿ ಪಂಚವರ್ಣ ಎಂದರೆ ಕೆಂಪು, ಹಳದಿ, ಹಸಿರು, ಕಪ್ಪು, ಬಿಳಿ. ಆ ಐದರಲ್ಲಿ ನೀಲಿಗೆ ಜಾಗವಿಲ್ಲ. ನೀಲಿಗಿಡದ ರಸ ಇತ್ತು, ಆದರೆ ಅದನ್ನು ಮರದ ಹಳದಿ ಅಂಟಿನೊಡನೆ ಬೆರೆಸಿ ಹಸಿರು ಮಾಡಲು ಬಳಸಿದರು. ಬಣ್ಣ ಗೋಡೆಗೆ ಹಿಡಿಯಲು ಬೇವಿನ ಅಂಟು. ಕಾಯಂಕುಳದ ಕೃಷ್ಣಪುರಂ ಅರಮನೆಯ ಗಜೇಂದ್ರಮೋಕ್ಷ ಇಂಥ ಚಿತ್ರಗಳಲ್ಲಿ ಬಹಳ ದೊಡ್ಡದು, 18ನೇ ಶತಮಾನದ್ದು. ನೀರಿನ ಕಥೆಯನ್ನು ನೀಲಿಯ ಹಂಗಿಲ್ಲದೆ ಹೇಳಬಹುದೆಂದು ತೋರಿಸಲು ಮಕ್ಕಳಿಗೆ ಇದು ಸಾಕು. ಇಂದು ಅದೇ ಶೈಲಿಯಲ್ಲಿ ಕ್ಯಾನ್ವಾಸಿನ ಮೇಲೆ ಬರೆಯುವ ಹೆಚ್ಚಿನವರ ಕೈಯಲ್ಲಿ ಇರುವುದು ಬೇವಿನ ಅಂಟಲ್ಲ, ಅಕ್ರಿಲಿಕ್.

ಹಾಗಾದರೆ ಈ ಅಕ್ರಿಲಿಕ್ ಏನು? ಯಾವುದೇ ಬಣ್ಣದಲ್ಲಿ ಎರಡು ಭಾಗ: ಬಣ್ಣದ ಪುಡಿ ಮತ್ತು ಅದನ್ನು ಹಿಡಿದಿಡುವ ಅಂಟು. ಅಂಟು ಎಣ್ಣೆಯಾದರೆ ತೈಲವರ್ಣ, ಗೋಂದಾದರೆ ಜಲವರ್ಣ. (ನಮ್ಮ ಜಿಲ್ಲೆಯ ಶಾಲಾ ಕಲೋತ್ಸವದಲ್ಲಿ ಮಕ್ಕಳ ಕಿವಿಗೆ ಬೀಳುವುದು 'ಜಲಛಾಯಂ', 'ಎಣ್ಣಛಾಯಂ'. ತರಗತಿಯಲ್ಲಿ ನಾವು ಹೇಳುವುದು ಜಲವರ್ಣ, ತೈಲವರ್ಣ. ಅಕ್ರಿಲಿಕ್ ಮಾತ್ರ ಎರಡು ಭಾಷೆಯಲ್ಲೂ ಅಕ್ರಿಲಿಕ್ಕೇ.) ಇದರ ಅಂಟು ಒಂದು ಬಗೆಯ ಪ್ಲಾಸ್ಟಿಕ್. ಜರ್ಮನಿಯ ಒಟ್ಟೊ ರೋಮ್ 1901ರಲ್ಲಿ ಅಕ್ರಿಲಿಕ್ ಆಮ್ಲದ ಸಂಯುಕ್ತಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. 1907ರಲ್ಲಿ ಒಟ್ಟೊ ಹಾಸ್ ಜೊತೆ ಕಂಪನಿ ಕಟ್ಟಿದರು. 1930ರ ದಶಕದಲ್ಲಿ ಒಡೆಯದ ಗಾಜಿನಂಥ ಹಾಳೆ ಬಂತು. ನೀರಿನಲ್ಲಿ ಬೆರೆಯುವ ಅಕ್ರಿಲಿಕ್ 1953ರಲ್ಲಿ ಬಂದದ್ದು ಮನೆಯ ಗೋಡೆಗೆ ಬಳಿಯಲು. 1955ರಲ್ಲಿ ಅಮೆರಿಕದ ಸಿನ್‌ಸಿನಾಟಿಯಲ್ಲಿ ಹೆನ್ರಿ ಲೆವಿಸನ್ ಅದನ್ನು ಕಲಾವಿದರ ಬಣ್ಣವಾಗಿಸಿ ಲಿಕ್ವಿಟೆಕ್ಸ್ ಎಂದು ಹೆಸರಿಟ್ಟರು. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಅತಿಸಣ್ಣ ಕಣಗಳು ನೀರು ಆರುತ್ತ ಬಂದ ಹಾಗೆ ಒಂದಕ್ಕೊಂದು ಅಂಟಿ ಪದರವಾಗುತ್ತವೆ. ಒಮ್ಮೆ ಒಣಗಿದರೆ ನೀರಿಗೆ ಕರಗದು. ಹಸಿ ಇರುವಾಗ ಈ ಅಂಟು ಹಾಲಿನಂತೆ ಬೆಳ್ಳಗೆ, ಒಣಗಿದಾಗ ಪಾರದರ್ಶಕ. ಹಾಗಾಗಿ ಬಣ್ಣ ಒಣಗಿದ ಮೇಲೆ ಒಂದಿಷ್ಟು ಕಪ್ಪಾಗಿ ಕಾಣುತ್ತದೆ.

ಪ್ಲಾಸ್ಟಿಕ್ ಬಣ್ಣದಲ್ಲಿ ಸುಳಿ ತಾನಾಗಿಯೇ ಹುಟ್ಟುವುದನ್ನು ಕಂಡವರು ಮೆಕ್ಸಿಕೋದ ಸಿಕೇರೊಸ್. 1936ರಲ್ಲಿ ನ್ಯೂಯಾರ್ಕಿನಲ್ಲಿ ಅವರು ಒಂದು ಪ್ರಯೋಗಶಾಲೆ ನಡೆಸಿದರು. ಅಕ್ರಿಲಿಕ್ ಇನ್ನೂ ಕಲಾವಿದರಿಗೆ ಸಿಗದ ಕಾಲ, ಬಳಸಿದ್ದು ಕಾರುಗಳಿಗೆ ಹೊಡೆಯುವ ಬಣ್ಣ. ನೆಲದಲ್ಲಿ ಮಲಗಿಸಿದ ಹಲಗೆಯ ಮೇಲೆ ಒಂದರ ಮೇಲೊಂದು ಬಣ್ಣ ಸುರಿದರು. ಸುಳಿಗಳು, ಕಣ್ಣುಗಳು, ಬೇರುಗಳಂಥ ಆಕೃತಿಗಳು ಎದ್ದವು. 'ಸಾಮೂಹಿಕ ಆತ್ಮಹತ್ಯೆ' ಎಂಬ ಅವರ ಅದೇ ವರ್ಷದ ಚಿತ್ರದಲ್ಲಿ ಇವನ್ನು ಕಾಣಬಹುದು. ಇದು ಹೇಗಾಗುತ್ತದೆ ಎಂದು ಮೆಕ್ಸಿಕೋದ ವಿಜ್ಞಾನಿಗಳೇ 2015ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಭಾರದ ಬಣ್ಣ ಹಗುರದ ಬಣ್ಣದ ಮೇಲಿದ್ದರೆ ಕೆಳಗಿಳಿಯಲು ನೋಡುತ್ತದೆ, ಹಗುರದ್ದು ನಡುನಡುವೆ ಮೇಲೇಳುತ್ತದೆ. ಇಂದು ಅಕ್ರಿಲಿಕ್ ಸುರಿದು ಕಡಲು ಮಾಡುವ ವೀಡಿಯೋಗಳಲ್ಲಿಯೂ ಇದೇ ನಡೆಯುವುದುಂಟು. ನೋಡಲು ಸೊಗಸು. ಆದರೆ ಅದು ಬಣ್ಣದ ಸುಳಿ, ಕಡಲಿನದಲ್ಲ. ಮಾ ಯುವಾನ್ ಹನ್ನೆರಡು ಹಾಳೆಯಲ್ಲಿ ಹನ್ನೆರಡು ನೀರು ತೋರಿಸಿದರು, ಸುರಿದ ಬಣ್ಣ ನೂರು ಹಾಳೆಯಲ್ಲೂ ಒಂದೇ ನೀರನ್ನು ತೋರಿಸುತ್ತದೆ ಎಂದು ನಮ್ಮ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಇದಕ್ಕೆ ಎದುರಾಗಿ ಡೇವಿಡ್ ಹಾಕ್ನಿಯವರನ್ನು ಇಡಬಹುದು. 1967ರ ಅವರ 'ಎ ಬಿಗ್ಗರ್ ಸ್ಪ್ಲಾಶ್' ಅಕ್ರಿಲಿಕ್‌ನ ಪ್ರಸಿದ್ಧ ನೀರು. ಕಡಲಲ್ಲ, ಕ್ಯಾಲಿಫೋರ್ನಿಯಾದ ಈಜುಕೊಳ. ಯಾರೋ ಈಗಷ್ಟೇ ಧುಮುಕಿದ್ದಾರೆ, ಆಳು ಕಾಣುವುದಿಲ್ಲ, ಎದ್ದ ನೀರು ಮಾತ್ರ ಇದೆ. ಮನೆ, ಆಕಾಶ, ಕೊಳ ಎಲ್ಲವನ್ನೂ ರೋಲರಿನಿಂದ ಸಪಾಟಾಗಿ ಬಳಿದವರು ಆ ಚಿಮ್ಮಿದ ನೀರನ್ನು ಮಾತ್ರ ಸಣ್ಣ ಕುಂಚಗಳಿಂದ ಸುಮಾರು ಎರಡು ವಾರ ಕುಳಿತು ಬಿಡಿಸಿದರು. ಎರಡು ಸೆಕೆಂಡಿನ ನೀರಿಗೆ ಎರಡು ವಾರ. ಬೇಗ ಒಣಗುವುದೇ ಈ ಬಣ್ಣದ ಗುಣವೆಂದು ಅವಸರದಲ್ಲಿ ಮುಗಿಸುವ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಈಗ ಆ ನೀಲಿಗೆ ಹಿಂತಿರುಗೋಣ. ಅಕ್ರಿಲಿಕ್ ಟ್ಯೂಬಿನ ಮೇಲೆ 'ಪ್ರಷ್ಯನ್ ಬ್ಲೂ' ಎಂದು ಬರೆದಿದ್ದರೂ ಒಳಗಿರುವುದು ಹೆಚ್ಚಾಗಿ ಹೊಕುಸಾಯ್‌ರ ನೀಲಿಯಲ್ಲ. ಅಕ್ರಿಲಿಕ್ ಅಂಟು ಕ್ಷಾರಗುಣದ್ದು, ಪ್ರಷ್ಯನ್ ನೀಲಿ ಕ್ಷಾರಕ್ಕೆ ಕೆಡುವಂಥದು. ಅದಕ್ಕಾಗಿ ತಯಾರಕರು ಥಾಲೊ ನೀಲಿಗೆ ಕಪ್ಪು ಮೊದಲಾದವನ್ನು ಬೆರೆಸಿ ಅದರ ಹಾಗೆ ಕಾಣುವಂತೆ ಮಾಡುತ್ತಾರೆ. ಥಾಲೊ ನೀಲಿಯೂ ಆಕಸ್ಮಿಕದ ಕೂಸೇ. 1928ರಲ್ಲಿ ಸ್ಕಾಟ್ಲೆಂಡಿನ ಒಂದು ರಾಸಾಯನಿಕ ಕಾರ್ಖಾನೆಯ ಪಾತ್ರೆ ಬಿರುಕು ಬಿಟ್ಟಲ್ಲಿ ಕಂಡ ನೀಲಿ ಕಲೆಯಿಂದ ಅದರ ಕಥೆ ಶುರುವಾಯಿತು. 1935ರಲ್ಲಿ ಮಾರುಕಟ್ಟೆಗೆ ಬಂತು. ಟ್ಯೂಬಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಪಿಬಿ 27 ಎಂದಿದ್ದರೆ ಅಸಲು ಪ್ರಷ್ಯನ್, ಪಿಬಿ 15 ಎಂದಿದ್ದರೆ ಥಾಲೊ. ಮಕ್ಕಳ ಕೈಯಲ್ಲೇ ಓದಿಸಿ ನೋಡಿ, ಬಣ್ಣದ ಡಬ್ಬಿಯೂ ಒಂದು ದಾಖಲೆಯೇ.

ಇನ್ನು ನಮ್ಮ ಕಡಲು. ಅದಕ್ಕೆ ಪೂರ್ತಿ ನೀಲಿಯ ಡಬ್ಬಿ ಬೇಕಾಗಿಲ್ಲ. ಮಳೆಗಾಲದ ನೀರಿಗೆ ಕಾವಿ, ಮಣ್ಣುಹಳದಿ, ಬಿಳಿ, ಚೂರು ಥಾಲೊ ಬೆರೆಸಿದರೆ ಸಾಕು. ಜಲವರ್ಣದಲ್ಲಿ ಹಾಳೆಯ ಬಿಳಿಯನ್ನು ಉಳಿಸುತ್ತ ಹೋಗಬೇಕು, ಅಕ್ರಿಲಿಕ್‌ನಲ್ಲಿ ಕಪ್ಪಿನಿಂದ ಬಿಳಿಗೆ ಬರಬೇಕು. ಮೊದಲು ಇಡೀ ಹಲಗೆಗೆ ಕಡುಬಣ್ಣ ಬಳಿದು ಒಣಗಿಸಿ, ಸೀಮೆಸುಣ್ಣದಿಂದ ಮುಂದೆ ಹೋಗುವ ಗೆರೆಯನ್ನೂ ಹಿಂದೆ ಬರುವ ಗೆರೆಯನ್ನೂ ಎಳೆಯಲಿ. ಎರಡೂ ಸೇರುವಲ್ಲಿ ಸುಳಿ ತಾನೇ ಕಾಣುತ್ತದೆ. ಗೆರೆಗಳ ನಡುವೆ ಪಟ್ಟೆ ಪಟ್ಟೆಯಾಗಿ ತಿಳಿಬಣ್ಣ ತುಂಬಿ, ಪಟ್ಟೆಯ ಅಂಚು ಹಸಿ ಇರುವಾಗಲೇ ಒದ್ದೆ ಕುಂಚದಿಂದ ಎಳೆದು ಪಕ್ಕದ್ದಕ್ಕೆ ಬೆರೆಸಬೇಕು. ನೊರೆಯ ಬಿಳಿ ಕೊನೆಗೆ, ಉದ್ದ ಕೂದಲಿನ ತೆಳು ಕುಂಚದಲ್ಲಿ. ಏಪ್ರಿಲಿನ ಸೆಕೆಯಲ್ಲಿ ಅಂಚು ಬೆರೆಸುವ ಮೊದಲೇ ಬಣ್ಣ ಗಟ್ಟಿಯಾಗಿಬಿಡುತ್ತದೆ. ಜೂನ್ ಜುಲೈಯಲ್ಲಿ ಗಾಳಿಯಲ್ಲಿ ತೇವ ತುಂಬಿರುವುದರಿಂದ ಅದು ನಿಧಾನವಾಗಿ ಒಣಗುತ್ತದೆ, ಸುಳಿ ತಿರುಗಿಸಲು ಮಕ್ಕಳಿಗೆ ಇನ್ನಷ್ಟು ಹೊತ್ತು ಸಿಗುತ್ತದೆ. ಕಡಲು ಕೆಂಪಾಗಿರುವುದೂ ಆ ತಿಂಗಳುಗಳಲ್ಲೇ.